ಅಪ್ಪನ ಗಾಢ ನಿದ್ದೆ ಮತ್ತು ಬೇವಿನ ಕಟ್ಟೆಯ ಹಾಜರಿ

ಬೆಳಿಗ್ಗೆ ಏಳಕ್ಕೆ ಇಬ್ಬರು ಹಿರಿಯರು ನಮ್ಮ ಬಾಗಿಲು ಬಡಿದರು. ಟೇಲರ್ ಹುಸೇನಸಾಬ್ ಕಾಕಾ ಮತ್ತು ರಿಟೈರ್ ಆದ ಸಿದ್ದಪ್ಪ ಮಾಸ್ತರು. ದೇವರ ಹಿಪ್ಪರಗಿಯಲ್ಲಿ ದಿನಾ ಅಪ್ಪನ ಜೊತೆ ಬೇವಿನ ಕಟ್ಟೆಯ ಮೇಲೆ ಕೂಡುವವರು.

“ನಿಮ್ಮಪ್ಪ ಎಲ್ಲಿ? ಇವತ್ತ ಹಾಜರಿ ಇಲ್ಲ,” ಅಂದರು ಮಾಸ್ತರು.

ಅದು ಆ ಕಟ್ಟೆಯ ಪದ್ಧತಿ. ಆರೂವರೆಗೆ ಮಾಸ್ತರು ಹೆಸರು ಕೂಗುತ್ತಾರೆ, ಎಪ್ಪತ್ತು ದಾಟಿದವರೆಲ್ಲ “ಹಾಜರ್ ಸರ್” ಅನ್ನುತ್ತಾರೆ. ಯಾರಾದರೂ ಬಾರದಿದ್ದರೆ, ಚಹಾ ಕುಡಿಯುವ ಮೊದಲೇ ಇಬ್ಬರು ಅವರ ಮನೆಗೆ ಹೋಗಬೇಕು.

ಹಿರಿಯರ ಹುಡುಗಾಟ ಅಂದುಕೊಂಡಿದ್ದೆ ನಾನು.

“ಮಲ್ಕೊಂಡಾರ್ರಿ. ಅಪರೂಪಕ್ಕ ಚೊಲೊ ನಿದ್ದಿ ಹತ್ತೇತಿ, ಎಬ್ಬಸೂದು ಬ್ಯಾಡ,” ಅಂದೆ.

“ಮೂವತ್ತ ವರ್ಷ ಫಸ್ಟ್ ಬಸ್ ಹೊಡದಾವ ಅವ. ಏಳರತನಕ ಮಲಗೂ ಮನಶಾ ಅಲ್ಲ. ಸರಿ ಆಕಡೆ,” ಅನ್ನುತ್ತ ಕಾಕಾ ಒಳಗೆ ನಡೆದೇಬಿಟ್ಟರು.

ಅಪ್ಪನ ಉಸಿರು ತೀರಾ ನಿಧಾನ... ಕೆನ್ನೆ ತಟ್ಟಿದರೆ ಕಣ್ಣು ಅರೆ ತೆರೆದು ಮತ್ತೆ ಮುಚ್ಚಿದವು.

ಕೋಣೆಯ ಬಾಗಿಲು ಮುಚ್ಚಿ, ಮಿಕ್ಸರ್ ಹಚ್ಚಬೇಡ ಎಂದು ಹೆಂಡತಿಗೆ ಹೇಳಿ, ಬೆಳಗಿನಿಂದ ಆ ನಿದ್ದೆಯನ್ನು ಕಾದವನು ನಾನೇ.

ಆಸ್ಪತ್ರೆಗೆಂದು ನಮ್ಮ ಕಾರು ಸಿಂದಗಿಯ ದಾರಿ ಹಿಡಿಯಿತು, ಮಾಸ್ತರು ನನ್ನ ಪಕ್ಕದಲ್ಲಿ. ಹಿಂದಿನ ಸೀಟಿನಲ್ಲಿ ಕಾಕಾ ಅಪ್ಪನನ್ನು ಎದೆಗೆ ಒರಗಿಸಿಕೊಂಡು ಒಂದೇ ಸಮನೆ ಬೈಯುತ್ತಿದ್ದಾರೆ.

“ಏ ಡ್ರೈವರ್ ಸಾಹೇಬಾ, ಕಣ್ಣ ತಗಿ! ನಿನ್ನ ಮಗ ಗಾಡಿ ಹೊಡಿಯೂದ ನೋಡಲೇ, ಚಕ್ಕಡಿ ಹೊಡದಂಗ ಹೊಡಿತಾನ!”

ಅರ್ಧ ದಾರಿಯಲ್ಲಿ, ಬಹಳ ದೂರದಿಂದ ಬಂದಂತೆ ಅಪ್ಪನ ದನಿ. “ಗೇರ್... ಗೇರ್ ಬದಲ ಮಾಡ, ಮಂಗ್ಯಾ.”

ನನಗೆ ರಸ್ತೆ ಮಸುಕಾಯಿತು. ಗೇರ್ ಬದಲಿಸಿದೆ.

ಡಾಕ್ಟರ್ ಕೇಳಿದಾಗ ಸಂಗತಿ ಹೊರಬಿತ್ತು. ಅಪ್ಪನಿಗೆ ನಿದ್ದೆಯ ಗುಳಿಗೆ ಮೊದಲಿನಿಂದಲೂ ಇತ್ತು. ಹಿಂದಿನ ಸಂಜೆ ಅಪ್ಪ “ಇದು ಸಾಲವಲ್ತು, ನಿದ್ದಿ ಹತ್ತವಲ್ತು” ಅಂದಿದ್ದಕ್ಕೆ ಮಾಸ್ತರು ಎಲೆ-ಅಡಿಕೆಯ ಸಂಚಿಯಿಂದ ತಮ್ಮದೊಂದು ನಿದ್ದೆ ಗುಳಿಗೆ ತೆಗೆದುಕೊಟ್ಟಿದ್ದರು. ಅಪ್ಪ ಎರಡನ್ನೂ ನುಂಗಿದ್ದ.

“ಅಡಿಕಿ ಕೊಟ್ಟಂಗ ಕೊಟ್ಟೆ ನೋಡ್ರಿ, ಡಾಕ್ಟರ್...” ಮಾಸ್ತರು ಸಂಚಿಯನ್ನು ಮೇಜಿನ ಮೇಲಿಟ್ಟರು.

ಈ ವಯಸ್ಸಿನಲ್ಲಿ ಎರಡು ಗುಳಿಗೆ ಸೇರಿದರೆ ಉಸಿರಾಡುವುದೇ ಮರೆತುಹೋಗಬಹುದು, ಇನ್ನೂ ತಡವಾಗಿದ್ದರೆ ಕಷ್ಟವಿತ್ತು ಅಂದರು ಡಾಕ್ಟರ್. ಅಪ್ಪ ಮರುದಿನ ಮನೆಗೆ ಬಂದ. ಗುಳಿಗೆಯನ್ನು ಈಗ ಡಾಕ್ಟರ ಸಲಹೆಯಂತೆ ಸ್ವಲ್ಪ ಸ್ವಲ್ಪವಾಗಿ ಕಡಿಮೆ ಮಾಡುತ್ತಿದ್ದೇವೆ.

ಕಟ್ಟೆಯಲ್ಲಿ ಹೊಸ ಕಾನೂನು ಬಂದಿದೆ, ದಿನಾ ಸಂಚಿ ತಪಾಸಣೆ. ಗುಳಿಗೆ ಸಿಕ್ಕರೆ ಎಲ್ಲರಿಗೂ ಚಹಾ ಕುಡಿಸಬೇಕು. ಈವರೆಗೆ ಸಿಕ್ಕಿಬಿದ್ದವರು ಕಾಕಾ ಒಬ್ಬರೇ, ಅದೂ ಅಸಿಡಿಟಿ ಗುಳಿಗೆಗೆ. ಅಪ್ಪೀಲು ವಜಾ ಆಯಿತಂತೆ.

ನಿಮ್ಮ ಮನೆಯ ಹಿರಿಯರು ಒಂದು ಬೆಳಿಗ್ಗೆ ಏಳುವುದು ತಡವಾದರೆ, ಮೊದಲು ಗಾಬರಿಯಾಗುವುದು ಯಾರಿಗೆ?