ತಂಗಿಗೆ ಕಂಡದ್ದು

ಹಲ್ಲಿನ ಸೆಟ್ಟು ಮಾಡುವ ಆ ಪುಟ್ಟ ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಕರೆಯುವುದು ಹಲ್ಲಕ್ಕ ಎಂದು. ಇಪ್ಪತ್ತಾರು ವರ್ಷದಿಂದ ಕಿಟಕಿ ಪಕ್ಕದ ಮೇಜು ಅವಳದು. ದಂತವೈದ್ಯರು ರೋಗಿಗಳ ಬಾಯಿಂದ ತೆಗೆದ ಅಚ್ಚುಗಳು ಬೆಳಿಗ್ಗೆ ಒಂಬತ್ತಕ್ಕೆ ಡಬ್ಬಿಗಳಲ್ಲಿ ಬರುತ್ತವೆ. ಅವಕ್ಕೆ ಪ್ಲಾಸ್ಟರ್ ಕಲಸಿ ಸುರಿಯಬೇಕು, ಗಟ್ಟಿಯಾದ ಮೇಲೆ ಅಂಚು ಮುರಿಯದಂತೆ ಬಿಡಿಸಬೇಕು, ಮೇಣದ ವಸಡಿನಲ್ಲಿ ಹಲ್ಲುಗಳನ್ನು ಒಂದೊಂದಾಗಿ ಕೂರಿಸಬೇಕು. ಆಮೇಲೆ ಮೇಲಿನ ಸಾಲೂ ಕೆಳಗಿನ ಸಾಲೂ ಒಂದಕ್ಕೊಂದು ಹೊಂದುತ್ತವೆಯೇ ಎಂದು ಕಚ್ಚಿಸಿ ನೋಡಬೇಕು. ಸಂಜೆ ಎಷ್ಟು ಉಜ್ಜಿ ತೊಳೆದರೂ ಉಗುರಿನ ಸಂದಿಯಲ್ಲಿ ಬಿಳಿ ಪುಡಿ ಉಳಿದೇ ಇರುತ್ತದೆ. ಆ ಕೈಯಲ್ಲೇ ಮನೆಗೆ ಹೋಗಿ ಅವಳು ದೆವ್ವದ ಕತೆ ಬರೆಯುತ್ತಾಳೆ.

ಬರೆದು ಅಚ್ಚಾದ ಪುಸ್ತಕಗಳು ಹನ್ನೊಂದು. ಬಸ್ಸಿನಲ್ಲಿ, ಆಸ್ಪತ್ರೆಯ ಬೆಂಚಿನ ಮೇಲೆ ಜನ ಅವನ್ನು ಓದುವುದನ್ನು ಅವಳು ಕಣ್ಣಾರೆ ನೋಡಿದ್ದಾಳೆ. ಹಗಲೆಲ್ಲ ಹಲ್ಲು ಕಟ್ಟಿಕೊಟ್ಟು ಸಂಜೆ ಅದೇ ಹಲ್ಲು ಕಟಕಟ ಎನ್ನುವ ಹಾಗೆ ಮಾಡುತ್ತಾಳೆ ಎಂದು ಕಾರ್ಖಾನೆಯ ಯಜಮಾನರು ಬಂದವರಿಗೆಲ್ಲ ಹೇಳಿ ನಗುತ್ತಾರೆ. ಅವಳೂ ನಗುತ್ತಾಳೆ. ಆದರೆ ಯಾರಿಗೂ ಹೇಳದ ಒಂದು ಮಾತಿದೆ. ಅವಳಿಗೆ ಯಾವತ್ತೂ, ಯಾವುದಕ್ಕೂ ಭಯವಾಗಿಲ್ಲ. ಕರೆಂಟು ಹೋದ ಲಿಫ್ಟಿನಲ್ಲಿ ಒಂದು ಗಂಟೆ ಸಿಕ್ಕಿಹಾಕಿಕೊಂಡಾಗ ಅವಳು ನಿದ್ದೆ ಹೊಡೆದಿದ್ದಳು. ಮೈ ನವಿರೇಳುವುದು, ಎದೆ ಧಸಕ್ಕೆನ್ನುವುದು, ಇವೆಲ್ಲ ಅವಳಿಗೆ ಬರೀ ಪದಗಳು. ಕಾಲಿಲ್ಲದವನು ಓಟದ ಬಗ್ಗೆ ಬರೆದ ಹಾಗೆ ಅವಳು ಭಯದ ಬಗ್ಗೆ ಬರೆಯುತ್ತ ಬಂದಿದ್ದಳು. ಭಯವನ್ನು ಕಂಡವಳು ಅವಳ ತಂಗಿ. ಅದಕ್ಕಾಗಿ ತಂಗಿಯ ಮೇಲಿದ್ದ ಹೊಟ್ಟೆಕಿಚ್ಚು ನಲವತ್ತಮೂರು ವರ್ಷ ಹಳೆಯದು.

ಆಗ ಅವಳಿಗೆ ಹತ್ತು ವರ್ಷ, ತಂಗಿಗೆ ಏಳು. ಮೂರನೇ ಮಹಡಿಯಲ್ಲಿ ಎರಡು ಕೋಣೆಯ ಮನೆ. ಅಪ್ಪ ದೂರದಲ್ಲೆಲ್ಲೋ ಸೇತುವೆ ಕಟ್ಟುವ ಕೆಲಸಕ್ಕೆ ಹೋಗಿದ್ದರು. ಅಮ್ಮ ಮನೆಯಲ್ಲೇ ಕೂತು ಅಂಗಡಿಯವರಿಗೆ ಕೋಟಿನ ಗುಂಡಿ ಹೊಲಿದು ಕೊಡುತ್ತಿದ್ದಳು. ಎಲೆ ಉದುರುವ ಕಾಲ. ಬೀದಿಯ ಮರಗಳೆಲ್ಲ ಒಟ್ಟಿಗೆ ಮಾತಾಡಿಕೊಂಡಂತೆ ಒಂದೇ ವಾರದಲ್ಲಿ ಬೋಳಾಗಿದ್ದವು, ಬಿದ್ದ ಎಲೆ ಗಾಳಿಗೆ ಹಾರಿ ಮೆಟ್ಟಿಲವರೆಗೂ ಬರುತ್ತಿತ್ತು. ಆ ಕಟ್ಟಡಕ್ಕೆ ಎರಡು ಕಡೆ ಮೆಟ್ಟಿಲು, ಬೀದಿಗೆ ಇಳಿಯುವುದೊಂದು, ಹಿತ್ತಲಿಗೆ ಇಳಿಯುವುದೊಂದು. ಒಂದು ಸಂಜೆ ಅಮ್ಮ ದೊಡ್ಡವಳನ್ನು ಮುಂದಿನ ಮೆಟ್ಟಿಲಿಳಿದು ಅಂಗಡಿಯಿಂದ ದಾರದ ಉಂಡೆ ತರಲು ಕಳಿಸಿದಳು, ಚಿಕ್ಕವಳನ್ನು ಹಿಂದಿನ ಮೆಟ್ಟಿಲಿಳಿದು ಹಿತ್ತಲಲ್ಲಿ ಒಣಹಾಕಿದ್ದ ಕಂಬಳಿ ತರಲು ಕಳಿಸಿದಳು.

ದೊಡ್ಡವಳು ಎಲೆಯ ರಾಶಿಗಳನ್ನು ಒದೆಯುತ್ತ ಹೋಗಿ ದಾರ ತಂದಳು. ಬಂದು ನೋಡಿದರೆ ಮನೆಯಲ್ಲಿ ಗಲಾಟೆ. ತಂಗಿ ಕಂಬಳಿಯಿಲ್ಲದೆ ಬರಿಗೈಲಿ ವಾಪಸು ಬಂದು ಗೋಡೆಗೆ ಒತ್ತಿಕೊಂಡು ನಿಂತಿದ್ದಾಳೆ, ತುಟಿ ಬೆಳ್ಳಗಾಗಿದೆ. ಎರಡು ದಿನ ಅವಳು ಬಾಯಿ ಬಿಡಲಿಲ್ಲ. ಮೂರನೇ ದಿನ, ಮೆಟ್ಟಿಲ ಮೇಲೆ ಏನೋ ಕಂಡಿತು ಎಂದಷ್ಟೇ ಹೇಳಿದಳು.

ಅಲ್ಲಿಂದ ಮನೆಯ ದರ್ಬಾರು ತಂಗಿಯ ಕೈಗೆ ಹೋಯಿತು. ಒಲೆಯ ಪಕ್ಕ, ಬಾಗಿಲ ಕಡೆಗಿದ್ದ ಬೆಚ್ಚಗಿನ ಜಾಗ ಅಲ್ಲಿಯವರೆಗೆ ಅಕ್ಕನದು. ತಂಗಿ ಹಟ ಹಿಡಿದು ಅಲ್ಲಿ ಮಲಗತೊಡಗಿದಳು. ಕೆಳಗಿನ ಮನೆಯ ಹೆಂಗಸು ಅವಳಿಗೊಂದು ಬೊಂಬೆ ತಂದುಕೊಟ್ಟಳು. ಅಕ್ಕ ಅಂಗಡಿಗೆ ಹೊರಟರೆ ಸಾಕು, ತಂಗಿ ಅವಳ ಕಾಲು ತಬ್ಬಿಕೊಂಡು ಬೋರೆಂದು ಅಳುತ್ತಿದ್ದಳು. ಕೊನೆಗೆ ಅಮ್ಮನೇ ಗೊಣಗುತ್ತ ಅಂಗಡಿಗೆ ಹೋಗುತ್ತಿದ್ದಳು. ಹಾಗೆ ಬೀದಿಯೂ ಹೋಯಿತು, ಎಲೆ ಒದೆಯುವ ಆಟವೂ ಹೋಯಿತು. ಶಾಲೆಯಲ್ಲಿ ಮಕ್ಕಳು ಮುತ್ತಿಕೊಂಡು, ನಿನ್ನ ತಂಗಿಗೆ ಏನು ಕಂಡಿತಂತೆ ಎಂದು ಕೇಳುತ್ತಿದ್ದರು. ಗೊತ್ತಿಲ್ಲ ಎನ್ನಲು ಅವಳಿಗೆ ಅವಮಾನ. ಒಂದು ದಿನ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟಳು. ಮಾರನೆಯ ದಿನ ಇನ್ನೊಂದು ಹೇಳಿದಳು. ಮಕ್ಕಳು ಉಸಿರು ಬಿಗಿಹಿಡಿದು ಕೇಳಿದರು. ಅವಳು ಕತೆಗಾರ್ತಿಯಾದದ್ದು ಹೀಗೆ. ಹನ್ನೊಂದು ಪುಸ್ತಕಗಳಲ್ಲಿ ಏಳರಲ್ಲಿ ಒಂದು ಮೆಟ್ಟಿಲಿದೆ, ಅದರ ಮೇಲೆ ಏನೋ ಇದೆ.

ತಂಗಿ ದೊಡ್ಡವಳಾಗಿ ಸಿಟಿ ಬಸ್ಸಿನ ಡ್ರೈವರ್ ಆದಳು. ದಪ್ಪ ತೋಳು, ದೊಡ್ಡ ನಗು. ಅಡುಗೆ ಮಾಡಿಟ್ಟು ಕಾಯುವ ಗಂಡ, ದಿನಕ್ಕೆರಡು ಸಲ ಫೋನು ಮಾಡುವ ಇಬ್ಬರು ಹೆಣ್ಣುಮಕ್ಕಳು. ಅವಳ ಬಸ್ಸು ಹತ್ತುವವರು ಮೊದಲು ಅವಳ ಕ್ಷೇಮ ವಿಚಾರಿಸಿ ಆಮೇಲೆ ಟಿಕೆಟ್ಟಿನ ಕಡೆ ತಿರುಗುತ್ತಿದ್ದರು. ಹಲ್ಲಕ್ಕ ಒಂಟಿಯಾಗಿಯೇ ಉಳಿದಳು. ತಂಗಿಯ ಸಂಸಾರ ಕಂಡರೂ ಅವಳಿಗೆ ಹೊಟ್ಟೆ ಚುರುಕ್ಕೆನ್ನುತ್ತಿತ್ತು, ಆದರೆ ಅದು ಬಂದು ಹೋಗುವಂಥದ್ದು. ಹೋಗದೇ ಉಳಿದದ್ದು ಆ ಮೆಟ್ಟಿಲು. ಇಷ್ಟು ವರ್ಷದಲ್ಲಿ ಮೂರು ಸಲ ಅವಳು ತಂಗಿಯನ್ನು ನೇರವಾಗಿ ಕೇಳಿದ್ದಳು. ಮೂರೂ ಸಲ ತಂಗಿ ಮಾತು ತೇಲಿಸಿ, ಆಗಿನದು ಆಗ ಆಗಿಹೋಯಿತು, ಈಗ ಯಾಕೆ ಎಂದು ಎದ್ದುಹೋಗಿದ್ದಳು. ಬರೆಯದವಳ ಹತ್ತಿರ ಆ ವಸ್ತು ಸುಮ್ಮನೆ ಕೊಳೆಯುತ್ತಿದೆ ಎಂದು ಹಲ್ಲಕ್ಕನಿಗೆ ಅನ್ನಿಸುತ್ತಿತ್ತು. ತಿನ್ನುವುದೂ ಇಲ್ಲ, ಕೊಡುವುದೂ ಇಲ್ಲ.

ಈ ವರ್ಷ ಎಲೆ ಉದುರುವ ಹೊತ್ತಿಗೆ ವಾರಪತ್ರಿಕೆಯ ಸಂಪಾದಕರು ಫೋನು ಮಾಡಿದರು. ಈ ಕಾಲ ಬಂತೆಂದರೆ ದೆವ್ವದ ಕತೆ ಬರೆಯುವವರಿಗೆ ಏನು ನೆನಪಾಗುತ್ತದೆ ಎಂಬುದರ ಬಗ್ಗೆ ಒಂದು ಪುಟ ಬೇಕು, ಈಗ ಏನು ಬರೆಯುತ್ತಿದ್ದೀರಿ ಎಂಬುದಕ್ಕೆ ಅರ್ಧ ಪುಟ ಬೇಕು ಎಂದರು. ಅರ್ಧ ಪುಟವೇ ಕಷ್ಟದ್ದು. ಎರಡು ವರ್ಷದಿಂದ ಅವಳು ಒಂದು ಕಾದಂಬರಿ ಬರೆಯುತ್ತಿದ್ದಳು. ನೂರ ಅರವತ್ತನೇ ಪುಟದಲ್ಲಿ ಒಂದು ಮಗು ಹಿಂದಿನ ಮೆಟ್ಟಿಲು ಇಳಿಯುತ್ತದೆ. ಅಲ್ಲಿಗೆ ಪೆನ್ನು ನಿಂತಿತ್ತು. ಮಗುವಿನ ಎದುರು ಹದಿನಾಲ್ಕು ಬಗೆಯ ಭೂತಗಳನ್ನು ನಿಲ್ಲಿಸಿ ನೋಡಿ ಹದಿನಾಲ್ಕನ್ನೂ ಹರಿದು ಹಾಕಿದ್ದಳು.

ನೆನಪಿನ ಪುಟ ಬರೆಯಲು ಕೂತಳು. ಬೋಳು ಮರ, ಗುಂಡಿ ಹೊಲಿಯುವ ಅಮ್ಮ, ಒಲೆ, ಎಲ್ಲ ಸಲೀಸಾಗಿ ಬಂತು. ಮೆಟ್ಟಿಲಿಗೆ ಬಂದಾಗ ಅವಳ ಕೈ ತಾನಾಗಿ ಜಾಗ ಬದಲಿಸಿತು. ದಾರ ತರಲು ಹೋದವಳು ತಂಗಿ, ಕಂಬಳಿ ತರಲು ಇಳಿದವಳು ನಾನು ಎಂದು ಬರೆದಳು. ಅರ್ಧ ಮೆಟ್ಟಿಲಿಳಿದಾಗ ಮುಖವಿಲ್ಲದವನೊಬ್ಬ ನನ್ನ ಕಡೆ ತಿರುಗಿದ ಎಂದು ಬರೆದಳು. ಬರೆಯುವಾಗ ಅವಳಿಗೆ ನಾಚಿಕೆಯಾಗಲಿಲ್ಲ. ಯಾರೋ ಎತ್ತಿಕೊಂಡು ಹೋಗಿದ್ದ ತನ್ನ ಸಾಮಾನನ್ನು ತಾನೇ ಹೋಗಿ ತಂದಷ್ಟು ಹಗುರವೆನ್ನಿಸಿತು.

ಪತ್ರಿಕೆ ಗುರುವಾರ ಬಂತು. ಯಜಮಾನರು ಆ ಪುಟ ಕತ್ತರಿಸಿ ಪ್ಲಾಸ್ಟರ್ ಡಬ್ಬಿಗಳ ಮೇಲಿನ ಗೋಡೆಗೆ ಅಂಟಿಸಿದರು. ಪಾಲಿಶ್ ಮಾಡುವವನು, ಇಷ್ಟು ವರ್ಷ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ಹೇಗಿದ್ದಿರಿ ಎಂದು ಕೇಳಿದ. ಮೂರು ದಿನ ಅವಳ ಕಾಲು ನೆಲದ ಮೇಲಿರಲಿಲ್ಲ.

ಭಾನುವಾರ ಮಧ್ಯಾಹ್ನ ತಂಗಿ ಬಂದಳು. ಡಿಪೋದಲ್ಲಿ ಕಂಡಕ್ಟರ್ ಒಬ್ಬ ಅದನ್ನು ಎಲ್ಲರಿಗೂ ಕೇಳುವಂತೆ ಓದಿದ್ದನಂತೆ. ಪತ್ರಿಕೆ ಮಡಿಸಿ ಚೀಲದಲ್ಲಿಟ್ಟುಕೊಂಡಿದ್ದಳು. ಹಲ್ಲಕ್ಕ ಉತ್ತರ ಸಿದ್ಧ ಮಾಡಿಟ್ಟುಕೊಂಡಿದ್ದಳು. ಬರೆಯುವವರು ಅಷ್ಟಿಷ್ಟು ಬದಲಿಸುತ್ತಾರೆ, ನೀನಂತೂ ಅದನ್ನು ಬಳಸಲಿಲ್ಲ, ಇತ್ಯಾದಿ. ಅದರ ಅಗತ್ಯವೇ ಬೀಳಲಿಲ್ಲ. ತಂಗಿ ಜಗಳಕ್ಕೆ ಬಂದಿರಲಿಲ್ಲ. ಅವಳ ತುಟಿಗೆ ರಕ್ತವೇ ಇರಲಿಲ್ಲ.

"ಅಕ್ಕ, ಒಂದೇ ಒಂದು ಮಾತು ಕೇಳ್ತೀನಿ, ನಿಜ ಹೇಳು," ಎಂದಳು. "ಅವನು ನಿನಗೂ ಸಿಕ್ಕಿದ್ನಾ?"

ಹಲ್ಲಕ್ಕ ಕುರ್ಚಿ ಎಳೆದುಕೊಟ್ಟಳು, ತಂಗಿ ಕೂರಲಿಲ್ಲ.

"ಮುಖ ಇರಲಿಲ್ಲ ಅಂತ ಬರೆದಿದ್ದೀಯ. ಹಾಗಾದ್ರೆ ಬೇರೆ ಯಾರೋ ಇರಬೇಕು ಅಂದ್ಕೊಂಡೆ. ಅವನಿಗೆ ಮುಖ ಇತ್ತು. ಆದ್ರೂ ನಾಲ್ಕು ದಿನದಿಂದ ಅನ್ನ ಸೇರ್ತಿಲ್ಲ ನಂಗೆ. ಅವನು ನಿನಗೆ ಸಿಕ್ಕಿದ್ನಾ, ಇಲ್ವಾ?"

ಅಷ್ಟು ಕೇಳಿದ ಮೇಲೆ ಸುಳ್ಳಿಗೆ ಜಾಗವಿರಲಿಲ್ಲ. "ಇಲ್ಲ," ಎಂದಳು ಹಲ್ಲಕ್ಕ. "ನಂಗೇನೂ ಕಂಡಿಲ್ಲ. ಅವತ್ತೂ ಇಲ್ಲ, ಆಮೇಲೂ ಇಲ್ಲ. ನಿನಗೆ ಕಂಡಿತಲ್ಲ ಅಂತ ಹೊಟ್ಟೆ ಉರಿದುಕೊಂಡು ಬರೆದೆ."

ತಂಗಿ ಕುರ್ಚಿಯ ಮೇಲೆ ಕುಸಿದಳು. ನೀರು ಕೇಳಿ ಕುಡಿದಳು. ಆಮೇಲೆ ಯಾರೂ ಕೇಳದೆಯೇ ಎಲ್ಲವನ್ನೂ ಹೇಳಿದಳು.

ಒಂದನೇ ಮಹಡಿಗೂ ಎರಡನೇ ಮಹಡಿಗೂ ನಡುವೆ, ಕಿಟಕಿಯ ಕೆಳಗೆ ಒಬ್ಬ ಗಂಡಸು ಕೂತಿದ್ದ. ಇಸ್ತ್ರಿ ಮಾಡಿದ ಕೋಟು, ನೀಟಾಗಿ ಬಾಚಿದ ತಲೆ. ಹಾರಿ ಬಂದ ಎಲೆಗಳನ್ನು ಮೆಟ್ಟಿಲ ಮೇಲೆ ದೊಡ್ಡದರಿಂದ ಚಿಕ್ಕದರವರೆಗೆ ಸಾಲಾಗಿ ಜೋಡಿಸುತ್ತಿದ್ದ. ಅವಳನ್ನು ನೋಡಿ ನಕ್ಕ. ಒಳ್ಳೆಯ ನಗುವೇ. ನೀನು ಚಿಕ್ಕವಳು, ದೊಡ್ಡವಳೆಲ್ಲಿ ಎಂದು ಕೇಳಿದ. ಹಸಿರು ಟೋಪಿ ಹಾಕುತ್ತಾಳಲ್ಲ, ಎಲೆ ಒದೆಯುತ್ತಾಳಲ್ಲ, ಅವಳು, ಎಂದ. ಮನೆಯಲ್ಲಿ ಮಾತ್ರ ಕರೆಯುತ್ತಿದ್ದ ಅಕ್ಕನ ಮುದ್ದಿನ ಹೆಸರನ್ನೂ ಹೇಳಿದ. ತಂಗಿ, ಅವಳು ಇಲ್ಲ, ಊರಿಗೆ ಹೋದಳು, ಇನ್ನು ಬರುವುದಿಲ್ಲ ಎಂದಳು. ಅವನು ಪರವಾಗಿಲ್ಲ, ಕಾಯುತ್ತೇನೆ ಎಂದು ಮತ್ತೆ ಎಲೆ ಜೋಡಿಸತೊಡಗಿದ.

"ದೆವ್ವವೋ ಮನುಷ್ಯನೋ ನಂಗೆ ಇವತ್ತಿಗೂ ಗೊತ್ತಿಲ್ಲ," ಎಂದಳು ತಂಗಿ. "ಬಸ್ಸು ಹತ್ತೋ ಪ್ರತಿಯೊಬ್ಬರ ಮುಖನೂ ನೋಡ್ತೀನಿ. ಅದಕ್ಕೇ ಎಲ್ಲರೂ, ಇವರೆಷ್ಟು ಒಳ್ಳೆ ಡ್ರೈವರ್ರು, ನಮ್ಮ ಮುಖ ನೋಡಿ ನಗ್ತಾರೆ ಅಂತಾರೆ."

"ಅವತ್ತೇ ನಂಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನೀನು ನೋಡೋಕೆ ಹೋಗ್ತಿದ್ದೆ."

ಹೌದು, ಹೋಗುತ್ತಿದ್ದಳು. ಓಡಿ ಹೋಗುತ್ತಿದ್ದಳು. ಅದು ಇಬ್ಬರಿಗೂ ಗೊತ್ತಿತ್ತು.

ಆ ಗಳಿಗೆ ತನಗೆ ಮೊದಲು ಅನ್ನಿಸಿದ್ದೇನು ಎಂಬುದನ್ನು ಹಲ್ಲಕ್ಕ ಆಮೇಲೆ ಬಹಳ ದಿನ ಮರೆಯಲಾರದೆ ಹೋದಳು. ಮೊದಲು ಅನ್ನಿಸಿದ್ದು ಭಯವಲ್ಲ, ತಂಗಿಯ ಮೇಲಿನ ಮಮತೆಯೂ ಅಲ್ಲ. ಬಂದವನು ನನ್ನನ್ನು ಕೇಳಿಕೊಂಡು ಬಂದಿದ್ದ, ಇವಳು ಅವನನ್ನು ತನ್ನಲ್ಲೇ ಇಟ್ಟುಕೊಂಡಳು ಎಂದೇ ಅನ್ನಿಸಿತು. ನನ್ನ ಹೆಸರಿಗೆ ಬಂದ ಕಾಗದವನ್ನು ಇವಳು ಒಡೆದು ಓದಿದಳು. ಎದುರಿಗೆ ಕೂತ ತಂಗಿ ಖಾಲಿ ಲೋಟವನ್ನು ಇನ್ನೂ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಅದನ್ನು ನೋಡುತ್ತ ಹೀಗೆ ಯೋಚಿಸುತ್ತಿದ್ದೇನಲ್ಲ ಎಂದು ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಬಸ್ ಸ್ಟಾಪಿನವರೆಗೆ ತಂಗಿಯ ಜೊತೆ ನಡೆದುಹೋಗಿ ಬೀಳ್ಕೊಟ್ಟಳು. ವಾಪಸು ಬರುವಾಗ ಮನೆಯ ಮೆಟ್ಟಿಲನ್ನು ಬೇಕೆಂದೇ ನಿಧಾನವಾಗಿ ಹತ್ತಿದಳು. ಪಕ್ಕದ ಮನೆಯವರ ಚಪ್ಪಲಿಗಳಿದ್ದವು, ಒಂದು ಛತ್ರಿ ಇತ್ತು. ಏನೂ ಅನ್ನಿಸಲಿಲ್ಲ. ಒಳಗೆ ಬಂದು ಹಾಸಿಗೆಯ ಮೇಲಿನ ಬಟ್ಟೆ ಮಡಿಸುವಾಗ ಮಾತ್ರ ಕೈ ನಿಂತಿತು. ಹಳೆಯ ಮನೆಯಲ್ಲಿ ಒಲೆಯ ಪಕ್ಕದ ಆ ಜಾಗ ಬಾಗಿಲ ಕಡೆಗಿತ್ತು. ಏಳು ವರ್ಷದ ತಂಗಿ ಬಾಗಿಲಿಗೂ ಅಕ್ಕನಿಗೂ ನಡುವೆ ಮಲಗಿ, ಯಾರಾದರೂ ಬರುತ್ತಾರೆಯೇ ಎಂದು ಕಿವಿಗೊಟ್ಟು ಒಂದಿಡೀ ಚಳಿಗಾಲ ಕಳೆದಿದ್ದಳು. ಹಲ್ಲಕ್ಕನ ಹೊಟ್ಟೆಯೊಳಗೆ ತಣ್ಣಗಿನದೇನೋ ಇಳಿಯಿತು. ಅವಳು ಹಾಸಿಗೆಯ ಅಂಚಿನಲ್ಲಿ ಕೂತಳು. ಜನ ಹೇಳುವುದು ಇದನ್ನೇ ಇರಬೇಕು ಎಂದುಕೊಂಡಳು.

ಮಾರನೆಯ ದಿನ ಸಂಪಾದಕರಿಗೆ ಫೋನು ಮಾಡಿ ತಿದ್ದುಪಡಿ ಹಾಕಬೇಕೆಂದು ಕೇಳಿದಳು. ದೆವ್ವದ ನೆನಪಿಗೂ ತಿದ್ದುಪಡಿಯೇ ಎಂದು ಅವರು ನಕ್ಕರು. ಅವಳು ಬಿಡಲಿಲ್ಲ. ಮುಂದಿನ ಸಂಚಿಕೆಯ ಒಂದು ಮೂಲೆಯಲ್ಲಿ, ಮೆಟ್ಟಿಲಿಳಿದವಳು ತಾನಲ್ಲ, ತನ್ನ ತಂಗಿ ಎಂಬ ನಾಲ್ಕು ಸಾಲು ಬಂತು.

ಆಮೇಲೆ ಬಂದ ಓದುಗರ ಕಾಗದಗಳೆಲ್ಲ ತಂಗಿಯನ್ನು ವಿಚಾರಿಸಿದವು. ಡಿಪೋದವರು ತಂಗಿಯನ್ನು ಬಿಡಲೇ ಇಲ್ಲ, ಹೇಳಲೇಬೇಕೆಂದು ಗಂಟುಬಿದ್ದರು. ಒಂದು ಸಲ ಅಕ್ಕನ ಎದುರು ಹೇಳಿದ್ದರಿಂದ ಅವಳಿಗೂ ಬಾಯಿ ಸಲೀಸಾಗಿತ್ತು. ಅವನು ಅಕ್ಕನನ್ನು ಕೇಳಿದ್ದನ್ನು ಮಾತ್ರ ಬಿಟ್ಟು ಉಳಿದದ್ದನ್ನು ಹೇಳಿದಳು. ಆ ದಿನ ತಂಗಿ ಮರೆತುಹೋಗಿದ್ದ ಛತ್ರಿ ಕೊಡಲು ಹಲ್ಲಕ್ಕ ಡಿಪೋಗೆ ಹೋಗಿದ್ದಳು, ಬಾಗಿಲಲ್ಲೇ ನಿಂತು ಕೇಳಿದಳು. ತಂಗಿಯ ಮಾತಿಗೆ ಹಿಂದಿಲ್ಲ, ಮುಂದಿಲ್ಲ. ಕೊನೆಯದನ್ನು ಮೊದಲು ಹೇಳುತ್ತಿದ್ದಳು, ನಡುವೆ ಬ್ರೇಕಿನ ಮಾತು ಬರುತ್ತಿತ್ತು. ಆದರೂ ಹದಿನೈದು ಹದಿನಾರು ಜನ ಗಟ್ಟಿ ಆಸಾಮಿಗಳು ಕೈಯಲ್ಲಿದ್ದ ಟೀ ಆರಿಹೋಗುವವರೆಗೆ ಅಲುಗಾಡದೆ ಕೂತಿದ್ದರು. ಹನ್ನೊಂದು ಪುಸ್ತಕ ಬರೆದವಳ ಹೊಟ್ಟೆಯಲ್ಲಿ ಹಳೆಯ ಬೆಂಕಿ ಭಗ್ಗೆಂದಿತು. ಹೊಸದೇನೂ ಅಲ್ಲವಾದ್ದರಿಂದ ಅವಳು ಅದರ ಜೊತೆಗೇ ಮನೆಗೆ ನಡೆದುಬಂದಳು.

ಈಗ ಕಾದಂಬರಿ ಮುಂದೆ ಹೋಗುತ್ತಿದೆ. ಎಲೆ ಜೋಡಿಸುವವನನ್ನು ತೆಗೆದುಕೊಳ್ಳಲೇ ಎಂದು ತಂಗಿಯನ್ನು ಕೇಳಿದಳು. ತಂಗಿ ಬೇಡ ಎಂದಳು, ಹಲ್ಲಕ್ಕ ಒಪ್ಪಿದಳು. ಮಗು ಮೆಟ್ಟಿಲಿಳಿದು ಏನು ಕಂಡಿತೆಂದು ಪುಸ್ತಕ ಹೇಳುವುದಿಲ್ಲ. ಅದು ಮನೆಗೆ ಬಂದ ಮೇಲಿನ ಒಂದು ಚಳಿಗಾಲವೇ ಕತೆ, ಅದನ್ನು ಹೇಳುವವಳು ಹೊಟ್ಟೆಕಿಚ್ಚಿನ ಅಕ್ಕ. ಇನ್ನೂರ ಹನ್ನೆರಡು ಪುಟವಾಗಿದೆ. ಭಾನುವಾರ ತಂಗಿ ಬಂದು ಆ ವಾರದ ಹಾಳೆಗಳನ್ನು ಓದುತ್ತಾಳೆ. ಹೆದರಿಕೆಯಾದ ಕಡೆ ಪೆನ್ಸಿಲಿನಲ್ಲಿ ಒಂದು ಗೆರೆ ಎಳೆಯಬೇಕೆಂದು ಮಾತಾಗಿದೆ. ಇಲ್ಲಿಯವರೆಗೆ ಎಳೆದದ್ದು ಎರಡೇ ಗೆರೆ. ಹಲ್ಲಕ್ಕ ವಾರಗಟ್ಟಲೆ ತಿದ್ದಿದ ಪುಟಗಳೆಲ್ಲ ಬೆಳ್ಳಗೇ ವಾಪಸು ಬಂದವು. ಗೆರೆ ಬಿದ್ದ ಎರಡೂ ಕಡೆ ಅಮ್ಮ ಕೂತು ಕೋಟಿಗೆ ಗುಂಡಿ ಹೊಲಿಯುತ್ತಿದ್ದಾಳೆ, ಅಷ್ಟೇ. ಯಾಕೆ ಎಂದು ಕೇಳಿದರೆ ತಂಗಿ ಹೇಳುವುದಿಲ್ಲ.