ಕಡಲಪಾಚಿಗೆ ಹತ್ತಿಮತ್ತೂರಿನ ಬಿಸಿಲು

ಹೊರಗಿನಿಂದ ಬಂದ ಯಾವ ಪದಾರ್ಥವೂ ನಮ್ಮ ಅಕ್ಕನ ಮನೆಯಲ್ಲಿ ಬಿಸಿಲು ಕಾಣದೆ ಡಬ್ಬಿ ಸೇರುವುದಿಲ್ಲ. ಹತ್ತಿಮತ್ತೂರಿನ ಅವಳ ಮಾಳಿಗೆಯ ಮೇಲೆ ಮೆಣಸಿನಕಾಯಿ, ಹಪ್ಪಳ, ಕೌದಿಗಳ ಸಾಲಿನಲ್ಲಿ ನೆಗಡಿಯಾದ ನನ್ನನ್ನೂ ಒಮ್ಮೆ ಹರವಿದ್ದಳು. ಮೆಣಸಿನಕಾಯಿ ಬೆಳೆಯುವವರ ಸಿದ್ಧಾಂತ ಸರಳ: ಬಿಸಿಲು ಕುಡಿದಷ್ಟೂ ಬಣ್ಣ, ಬಣ್ಣ ಇದ್ದಷ್ಟೂ ಗುಣ. ಇದರಲ್ಲಿ ತಪ್ಪೇನು ಎಂದು ನೀವು ಕೇಳಬಹುದು. ಹೋದ ವರ್ಷದವರೆಗೆ ನಾನೂ ಹಾಗೆಯೇ ಕೇಳುತ್ತಿದ್ದೆ.

ಹೋದ ವರ್ಷ ಮಾವನ, ಅಂದರೆ ಅಕ್ಕನ ಗಂಡನ, ಯಕೃತ್ತು ಕೆಟ್ಟಿತು. ಆಸ್ಪತ್ರೆಯ ಗುಳಿಗೆಗಳು ನಡೆದಿರುವಾಗಲೇ, ಕಾರವಾರದಲ್ಲಿ ಕಡಲ ಸಸ್ಯಗಳ ಬಗ್ಗೆ ಓದುತ್ತಿದ್ದ ಅವರ ಮಗಳು ಗಿರಿಜಾ ಒಂದು ಚೀಲ ಒಣಗಿದ ಕಂದು ಪಾಚಿ ತಂದಳು. ಆ ಕಂದು ಬಣ್ಣದ ಹೆಸರು ಫ್ಯೂಕೊಕ್ಸಾಂಥಿನ್, ಗಜ್ಜರಿಯ ಕೆಂಪಿಗೆ ದೂರದ ದಾಯಾದಿ. ಅದು ಪಾಚಿಯ ಒಳಗಿನ ಹಸಿರನ್ನು ಮರೆಮಾಡಿ ನಿಂತಿರುತ್ತದೆ. ಜೀವಕೋಶಗಳಿಗೆ ತುಕ್ಕು ಹಿಡಿಯದಂತೆ ಕಾಯುತ್ತದೆಂದೂ, ಪ್ರಯೋಗಾಲಯದ ಇಲಿಗಳ ಯಕೃತ್ತಿಗೆ ಒಳಿತು ಮಾಡಿದೆಯೆಂದೂ ಹೇಳುತ್ತಾರೆ. ಮನುಷ್ಯರ ಮಾತು ಬಂದರೆ ವಿಜ್ಞಾನ ಇನ್ನೂ ಗಂಟಲು ಸರಿಮಾಡಿಕೊಳ್ಳುತ್ತಿದೆ. ಗಿರಿಜಾ ಇದನ್ನೆಲ್ಲ ಹೇಳಿದಳು. ಅಕ್ಕ ಇಲಿಗಳನ್ನು ಬಿಟ್ಟು ಉಳಿದದ್ದನ್ನು ಕೇಳಿಸಿಕೊಂಡಳು.

ಚೀಲ ತೇವ ಹಿಡಿದಿತ್ತು. ಮಗಳು ಕಾರವಾರಕ್ಕೆ ಹೋದದ್ದೇ ತಡ, ಪಾಚಿ ಮಾಳಿಗೆ ಹತ್ತಿತು. ಚೆನ್ನಾಗಿ ಕಾದ ಮೇಲೆ ಪುಡಿಯಾಗಿ ಮಾವನ ಮಜ್ಜಿಗೆಗೆ ಬಿತ್ತು.

“ಇಷ್ಟ ದಿನ ಎತ್ತಿನ ಜೋಡಿ ನನ್ನೂ ಮೇಯಿಸಿದಿ,” ಅಂದ ಮಾವ, “ಈಗ ಮೀನಿನ ಮೇವೂ ಬಂತಲ್ಲ.”

“ಸುಮ್ನ ಕುಡೀರಿ. ಮೀನಿಗೆ ಎಂದಾರ ಲಿವರ್ ಕೆಟ್ಟದ್ದು ಕೇಳೀರೇನು?”

ಈ ಸಂಭಾಷಣೆ ಹೀಗೆಯೇ ನಡೆಯಿತೆಂದು ಪ್ರಮಾಣ ಮಾಡಲಾರೆ. ನನ್ನ ನೆನಪು ಸತ್ತವರ ಬಾಯಿಗೆ ಒಳ್ಳೆಯ ಮಾತುಗಳನ್ನು ಹಾಕುವ ಚಾಳಿಯದು. ಮಾಳಿಗೆಯ ಮೇಲಿನ ಪಾಚಿ ಬಿಳಿಚಿಕೊಂಡದ್ದನ್ನು ಆಗಲೇ ಕಂಡಿದ್ದೆನೋ, ಆಮೇಲೆ ತಿಳಿದದ್ದರಿಂದ ನೆನಪಿನಲ್ಲೇ ಅದರ ಬಣ್ಣ ಕಳೆದೆನೋ, ಅದೂ ಖಾತ್ರಿಯಿಲ್ಲ.

ಮೆಣಸಿನಕಾಯಿ ಬಿಡಿಸುವ ಕಾಲಕ್ಕೆ ಮಾವ ತೀರಿಕೊಂಡ. ಕರ್ಮಗಳೆಲ್ಲ ಮುಗಿದ ಮೇಲೆ ಗಿರಿಜಾ ಡಬ್ಬಿಯಲ್ಲಿ ಉಳಿದ ಪಾಚಿಯನ್ನು ಅಂಗೈಗೆ ಹಾಕಿಕೊಂಡು, “ಅವ್ವ, ಇದನ್ನ ಬಿಸಲಿಗೆ ಹಾಕಿದ್ದೇನು?” ಎಂದು ಕೇಳಿ, ಕೇಳಬಾರದಿತ್ತೆಂಬಂತೆ ಡಬ್ಬಿ ಮುಚ್ಚಿದಳು. ಆ ಸಂಜೆ ಅಕ್ಕ ನನ್ನ ಎದುರು ಕುಳಿತಳು.

“ಖರೇ ಹೇಳು ತಮ್ಮಾ. ಬಿಸಲಿಗೆ ಅದರ ಗುಣ ಹೋತೇನು?”

ಬೆಳಕು, ಕಾವು, ಗಾಳಿ ಮೂರೂ ಆ ಬಣ್ಣಕ್ಕೆ ವೈರಿಗಳೆಂದು ಓದಿಕೊಂಡಿದ್ದೆ. ಓದಿದವನ ದುರ್ದೈವವೆಂದರೆ ಕೇಳಿದ್ದಕ್ಕೆ ಮೊದಲು ಉತ್ತರ ಕೊಟ್ಟುಬಿಡುವುದು. “ಬಿಸಲಿಗೆ ಅದು ತಡಿಯೂದಿಲ್ಲ ಅಕ್ಕ,” ಎಂದೆ. “ಆದ್ರ ಬಣ್ಣ ಉಳಿದಿದ್ರೂ ಮಾವ ಉಳೀತಿದ್ದಿಲ್ಲ.” ಅಂದು ಇಲಿಗಳನ್ನು ಬಿಟ್ಟವಳು ಇಂದು ಎರಡನೆಯ ವಾಕ್ಯವನ್ನು ಬಿಟ್ಟಳು. ಎಷ್ಟು ಸಲ ತಿರುಗಿ ಹೇಳಿದರೂ ಅದು ಅವಳನ್ನು ಮುಟ್ಟಲಿಲ್ಲ. ವಾಕ್ಯಗಳ ಕ್ರಮ ಬದಲಿಸಿ ಹೇಳಿದ್ದರೆ ಏನಾಗುತ್ತಿತ್ತೋ ಎಂದು ನಾನು ಈಗಲೂ ಒಬ್ಬನೇ ಬದಲಿಸಿ ನೋಡುತ್ತಿರುತ್ತೇನೆ.

ಈ ಸಲ ಹೋದಾಗ ಮಾಳಿಗೆ ಖಾಲಿ. ಮೆಣಸಿನಕಾಯಿ ಪಡಸಾಲೆಯ ನೆರಳಿನಲ್ಲಿ ಬಟ್ಟೆ ಹೊದ್ದು ಬಿದ್ದಿದ್ದವು. ಕೆಲವಕ್ಕೆ ಬೂಷ್ಟು ಬಂದಿತ್ತು. ನೆರೆಮನೆಯ ನೀಲವ್ವ ಬಾಗಿಲಲ್ಲಿ ನಿಂತು, “ಏನಬೇ, ಮೆಣಸಿನಕಾಯಿಗೂ ಪರದಾ ಹಾಕೀಯಲ್ಲ, ಸೊಸೀ ಮಾಡ್ಕೊಂಡೀಯೇನು?” ಎಂದು ನಕ್ಕಳು. ಅಕ್ಕ ಜಾರಿದ ಬಟ್ಟೆಯನ್ನು ಮತ್ತೆ ಹೊದಿಸಿದಳು.

ನಾನೇ ಬುಟ್ಟಿ ಹೊತ್ತು ಮೇಲೆ ಹೋಗಿ ಹರವಿದೆ. ಹಿಂದೆಯೇ ಹತ್ತಿಬಂದ ಅಕ್ಕ ಕೇಳಿದಳು: “ಇವು ತಡೀತಾವೇನು?”

“ತಡೀತಾವ, ಅಕ್ಕ.”

ಅವಳು ಸೆರಗು ತಲೆಯ ಮೇಲೆಳೆದುಕೊಂಡು ಅಲ್ಲಿಯೇ ಕುಳಿತಳು. ನಾನು ಊಟಕ್ಕೆ ಕರೆದರೂ ಇಳಿಯಲಿಲ್ಲ. ಆ ಕೆಂಪಿನ ಮೇಲಿಟ್ಟ ಕಣ್ಣು ತೆಗೆಯದೆ, ಬಣ್ಣ ಕದ್ದೀತೆಂದು ಬಿಸಿಲನ್ನು ಕಾಯುತ್ತ ಕುಳಿತಿದ್ದಳು.