ಎಡಗಡೆಯ ಹೂವು

“ಎಡಗಡೆ ಹೂವ ಸ್ವಲ್ಪ ಗಟ್ಟಿಯಾಗಿ ಅಂಟಿಸ್ರಿ ಅಜ್ಜ,” ಎಂದು ಪೂಜಾರಿಯನ್ನು ಕೇಳಿಯೇಬಿಟ್ಟೆ. ಮರುದಿನ ಚಿತ್ರದುರ್ಗದ ಆಸ್ಪತ್ರೆಯಲ್ಲಿ ನಮ್ಮ ಯಜಮಾನರಿಗೆ ಹೃದಯದ ಆಪರೇಷನ್. ಅದಕ್ಕೆ ಅಪ್ಪಣೆ ಕೇಳಲು ಹಿರಿಯೂರಿನ ಹತ್ತಿರದ ನಮ್ಮ ಮನೆದೇವರ ಗುಡಿಗೆ ಓಡಿಬಂದಿದ್ದೆ. ದೇವರ ಮೈಮೇಲೆ ಎರಡೂ ಬದಿಗೆ ಒದ್ದೆ ಹೂವು ಅಂಟಿಸುತ್ತಾರೆ. ಬಲಗಡೆಯದು ಮೊದಲು ಉದುರಿದರೆ ಶುಭ, ಎಡಗಡೆಯದಾದರೆ ಇಲ್ಲ.

ವಯಸ್ಸಾದ ಪೂಜಾರಿ ಹೂವನ್ನು ಕೈಯಲ್ಲಿ ಹಿಡಿದುಕೊಂಡೇ ನಕ್ಕರು. “ಏನವ್ವ, ದೇವ್ರನ್ನ ಕೇಳಾಕೆ ಬಂದೀಯೋ, ದೇವ್ರಿಗೇ ಹೇಳ್ಕೊಡಾಕೆ ಬಂದೀಯೋ? ಎಡಾನೂ ಅವಂದೇ, ಬಲಾನೂ ಅವಂದೇ ಕಣವ್ವ.”

ನಾಚಿಕೆಯ ಜೊತೆಗೆ ನನಗೂ ನಗು ಬಂತು. ಡಾಕ್ಟರು ಆಪರೇಷನ್ ಎಂದ ದಿನದಿಂದ ನಕ್ಕಿರಲಿಲ್ಲ. ಹೂವೇ ಬೇಡವೆಂದು ಹೇಳಿ, ಕೈಮುಗಿದು ದುರ್ಗದ ಬಸ್ಸು ಹತ್ತಿದೆ.

ಯಜಮಾನರು ಈಗ ಚೆನ್ನಾಗಿದ್ದಾರೆ, ಸಾರಿಗೆ ಉಪ್ಪು ಕಮ್ಮಿಯೆಂದು ದಿನವೂ ಜಗಳವಾಡುವಷ್ಟು. ಪೂರ್ತಿ ಗುಣವಾಗದವಳು ನಾನೇ. ಮನೆಯಲ್ಲಿ ಪೂಜೆಗೆ ಕೂತಾಗ ಇಂದಿಗೂ ನನ್ನ ಬೆರಳು ಎಡಗಡೆಯ ಹೂವನ್ನು ಒತ್ತಲು ಹೋಗುತ್ತದೆ. ಅಜ್ಜನ ನಗು ನೆನಪಾಗಿ, ಮೆಲ್ಲಗೆ ಕೈ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ.